ಎಂಬತ್ತೈದರ ಗೆರೆ

ನಾನು ಹುಟ್ಟು ಪುಕ್ಕಲಿ. ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಕೆಲಸ ನನಗೆ ಒಗ್ಗಿದ್ದೂ ಅದಕ್ಕೇ ಇರಬೇಕು. ಸ್ಕ್ಯಾನ್ ಚಿತ್ರಗಳೆಲ್ಲ ಇರುವ ಆ ಒಂದು ಪೆಟ್ಟಿಗೆ ಎಲ್ಲಿ ಕಾದು ಕೆಟ್ಟುಹೋಗುತ್ತದೋ ಎಂದು, ಅದರೊಳಗಿನ ತಾಪಮಾನದ ಮೇಲೆ ಕಣ್ಣಿಡುವ ಒಂದು ಪುಟ್ಟ ಪ್ರೋಗ್ರಾಂ ಹಾಕಿದ್ದೆ. ಶಾಖ ಎಷ್ಟಿದೆ ಎಂದು ಅದು ಪರದೆಯ ಮೇಲೆ ತೋರಿಸುತ್ತಿರುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಪುಕ್ಕಲಿ ಹೇಗಾದೇನು? ಎಂಬತ್ತೈದು ಡಿಗ್ರಿ ಮುಟ್ಟಿದರೆ ಯಾರನ್ನೂ ಕೇಳದೆ ಯಂತ್ರವೇ ಆಫ್ ಆಗಲಿ ಎಂದೂ ಒಂದು ಸಾಲು ಬರೆದಿಟ್ಟೆ. ಮ್ಯಾನೇಜರು ಭೇಷ್ ಎಂದರು. ನಾನೂ ಉಬ್ಬಿಹೋದೆ.

ಆ ಮಧ್ಯಾಹ್ನ ಮಹಡಿಯ ಆಪರೇಷನ್ ಕೋಣೆಯಲ್ಲಿ ನನ್ನಣ್ಣ ಮಲಗಿದ್ದ. ಬೆನ್ನುಹುರಿಗೆ ಅಂಟಿಕೊಂಡ ಗಡ್ಡೆ. ಡಾಕ್ಟರು ಗೋಡೆಯ ಮೇಲಿನ ಸ್ಕ್ಯಾನ್ ನೋಡಿ ನೋಡಿ ಕತ್ತರಿಸಬೇಕು, ಆ ಚಿತ್ರ ಹೋಗುವುದು ನನ್ನ ಪೆಟ್ಟಿಗೆಯಿಂದ. ಬೆಂಚಿನ ಮೇಲಿದ್ದ ಅತ್ತಿಗೆ, "ಇಲ್ಲೇ ಕೂತ್ಕೊಳ್ಳೇ" ಎಂದಳು. ನನಗೆ ಕೂರಲಾಗಲಿಲ್ಲ. ಕೆಳಗೆ ಸರ್ವರ್ ಕೋಣೆಗೆ ಬಂದು ನೋಡಿದರೆ ಪರದೆಯಲ್ಲಿ ಎಪ್ಪತ್ತೊಂಬತ್ತು.

ಮುಚ್ಚಳ ತೆಗೆದೆ. ಒಳಗಿನ ಫ್ಯಾನು ನಿಂತುಹೋಗಿತ್ತು. ಬೆರಳಿಂದ ತಳ್ಳಿದರೂ ಜಪ್ಪಯ್ಯ ಎನ್ನಲಿಲ್ಲ. ಹೊಸದು ಕೂರಿಸಲು ಯಂತ್ರ ಆಫ್ ಮಾಡಬೇಕು, ಮಾಡಿದರೆ ಮೇಲೆ ಡಾಕ್ಟರ ಎದುರಿನ ಚಿತ್ರವೂ ಹೋಗುತ್ತದೆ. ಚಿತ್ರಗಳನ್ನು ಬೇರೆ ಕಡೆ ನಕಲು ಮಾಡೋಣವೆಂದರೆ ಆ ಕೆಲಸಕ್ಕೇ ಯಂತ್ರ ಇನ್ನಷ್ಟು ಬಿಸಿಯಾಗುತ್ತದೆ.

ರಿಸೆಪ್ಷನ್ನಿನ ಟೇಬಲ್ ಫ್ಯಾನು ಕಿತ್ತುಕೊಂಡು ಓಡಿದೆ.

"ಏನ್ರೀ ಇದು, ಹಾಡಹಗಲೇ ದರೋಡೆ!" ಎಂದು ಅಲ್ಲಿದ್ದವಳು ನಕ್ಕಳು. ನಾನು ನಿಲ್ಲಲಿಲ್ಲ.

ಗಾಳಿ ಬಿಟ್ಟ ಮೇಲೆ ಏರಿಕೆ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಎಂಬತ್ತಮೂರು. ಮ್ಯಾನೇಜರಿಗೆ ಫೋನ್ ಮಾಡಿದೆ.

"ಸಾರ್, ಆ ಆಫ್ ಆಗೋ ಸಾಲು ತೆಗೆದುಬಿಡ್ತೀನಿ."

"ತಲೆ ಕೆಟ್ಟಿದ್ಯಾ? ಯಂತ್ರ ಸುಟ್ರೆ ಇವತ್ತಿನ ಚಿತ್ರ ಎಲ್ಲಾ ಹೋಗುತ್ತೆ. ಅದರ ಪಾಡಿಗೆ ಅದು ಆಫ್ ಆಗ್ಲಿ."

"ಮೇಲೆ ನಮ್ಮಣ್ಣ ಇದಾನೆ ಸಾರ್."

ಅವರು ಹೂಂ ಎನ್ನುವ ಮೊದಲೇ ಫೋನ್ ಇಟ್ಟೆ. ಕಾಯುವಷ್ಟು ಹೊತ್ತು ಎಲ್ಲಿತ್ತು? ಅವಸರಕ್ಕೆ ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪಿತು. ಅಣ್ಣನನ್ನು ನನ್ನ ಜಾಣತನವೇ ಕೊಲ್ಲುತ್ತದೆ ಎನಿಸಿತು. ಕೊನೆಗೂ ಸಾಲು ಅಳಿಸಿ ಪ್ರೋಗ್ರಾಂ ಮತ್ತೆ ಶುರುಮಾಡಿದೆ. ಎಂಬತ್ತೈದು. ಯಂತ್ರ ಓಡುತ್ತಲೇ ಇತ್ತು. ಎಂಬತ್ತಾರು.

ಇನ್ನು ಅದು ಸುಡದಂತೆ ತಡೆಯುವುದು ಏನೂ ಉಳಿದಿರಲಿಲ್ಲ. ಒಂದು ರಟ್ಟು ಹಿಡಿದು ಬೀಸಿದೆ, ತೋಳು ಸೋತರೂ ಬೀಸಿದೆ. ಎಲ್ಲೋ ಸುಟ್ಟ ವಾಸನೆ ಬಂದಂತಾಯಿತು. ತೊಂಬತ್ತು ದಾಟಿದಾಗ ಮಹಡಿಯಿಂದ ನರ್ಸ್ ಫೋನ್ ಮಾಡಿದರು.

"ನಿಮ್ಮಣ್ಣಂದು ಮುಗೀತು ಕಣಮ್ಮ. ಗಡ್ಡೆ ಪೂರ್ತಿ ಬಂತು. ಹೊಲಿಗೆ ಹಾಕ್ತಿದಾರೆ."

ಫೋನ್ ಹಿಡಿದೇ ಅತ್ತುಬಿಟ್ಟೆ. ಕೈ ತಾನಾಗಿ ಯಂತ್ರದ ಗುಂಡಿಗೆ ಹೋಯಿತು. "ಅಬ್ಬಾ, ಇನ್ನು ಚಿತ್ರದ ಯಂತ್ರ ಆಫ್ ಮಾಡ್ಬಹುದು," ಎಂದೆ.

"ಪಕ್ಕದ ಕೋಣೆಲಿ ಒಂದು ಮಗು ಇದೆ," ಎಂದರು ನರ್ಸ್. "ತಲೆ ತೆರೆದಾಗಿದೆ. ಅದಕ್ಕೂ ಚಿತ್ರ ಬೇಕು. ಇನ್ನೂ ಹೊತ್ತಾಗುತ್ತೆ."

ಈ ಫೋನ್ ಎತ್ತಲೇಬಾರದಿತ್ತು ಎನಿಸಿತು. ಎನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಕೇಳಿದೆ, "ಯಾರ ಮಗು?"

"ಯಾರದ್ದಾದ್ರೇನಮ್ಮ?"

ಬೆರಳು ಇನ್ನೂ ಗುಂಡಿಯ ಮೇಲಿತ್ತು. ಪರದೆಯಲ್ಲಿ ತೊಂಬತ್ತೆರಡು.

"ಇಲ್ಲಿ ಫ್ಯಾನು ಕೆಟ್ಟಿದೆ ಸಿಸ್ಟರ್," ಎಂದೆ. "ಡಾಕ್ಟರಿಗೆ ಬೇಗ ಮುಗಿಸೋಕೆ ಹೇಳಿ. ನಾನಾಗಿ ಮಾತ್ರ ಆಫ್ ಮಾಡಲ್ಲ."

ಅಣ್ಣನನ್ನು ನೋಡಲು ಹೋಗಲಿಲ್ಲ. ರಟ್ಟು ಎತ್ತಿಕೊಂಡು ಮತ್ತೆ ಬೀಸತೊಡಗಿದೆ.