ಕರೆಂಟ್ ಆಸ್ತಿ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಮುನಿಶಾಮಿ ಅರ್ಧಕ್ಕೇ ಬಿಟ್ಟು ಒಳಗೆ ಬಂದ.

"ಅತ್ಗೆ, ಬಂಗಾರಪೇಟೆ ರೈಲು ಬಂದೋಯ್ತು. ಅಣ್ಣನ ಹೂವಿನ ಬುಟ್ಟಿ ಟೇಸನ್ನಾಗೇ ಐತೆ. ಏನ್ ಮಾಡಾನ?"

ಅಮ್ಮಾಜಮ್ಮ ಗಂಡ ಕೋದಂಡಪ್ಪನ ತಲೆಯ ಹತ್ತಿರ ಕೂತಿದ್ದಳು. ಹೂವು ತರಿಸಿದವನೇ ಮಲಗಿರುವಾಗ ಹೂವಿಗೇನು ಅವಸರ ಎನ್ನೋಣವೆಂದರೆ, ಹೂವು ಕಾಯುವ ಸರಕಲ್ಲವಲ್ಲ!

"ಮನೆಗೆ ತಂದ್ರೆ ಸಾವಿನ ಮನೆ ಹೂವಾಗೋಯ್ತದೆ, ಯಾರೂ ಕೊಳ್ಳಲ್ಲ. ಅಲ್ಲಿಂದ್ಲೇ ಬೇರೆ ಅಂಗಡಿಗೆ ಕೊಟ್ರೆ ಇನ್ನೂ ದುಡ್ಡು. ನಾಳೆ ಒಲೆ ಉರೀಬೇಕಲ್ಲ?"

ಮೈದುನನ ಮಾತಿನಲ್ಲಿ ತಪ್ಪಿರಲಿಲ್ಲ. ಶುಕ್ರವಾರದ ವ್ಯಾಪಾರಕ್ಕೆಂದು ಇದ್ದಬದ್ದ ದುಡ್ಡೆಲ್ಲ ಆ ಬುಟ್ಟಿಗೇ ಹೋಗಿತ್ತು.

*

ನಯಾಪೈಸೆ ಬಂದ ವರ್ಷ. ಗಣಿ ಆಫೀಸಿನಲ್ಲಿ ಲೆಕ್ಕ ಬರೆಯುವ ಕುಪ್ಪುಸ್ವಾಮಿ, ಮಾರಿಕುಪ್ಪಂ ಟೇಸನ್ನಿನ ಮುಂದೆ ಮಲ್ಲಿಗೆ ಕೊಳ್ಳುತ್ತಾ ಕೋದಂಡಪ್ಪನಿಗೆ ಪಾಠ ಹೇಳಿದ್ದ.

"ನಿನ್ನ ಬೆಂಚು, ಪೆಟ್ಟಿಗೆ ಇವೆಲ್ಲ ನಿಲ್ಲೋ ಆಸ್ತಿ. ವರ್ಷದೊಳಗೆ ದುಡ್ಡಾಗೋದಕ್ಕೆ ಕರೆಂಟ್ ಆಸ್ತಿ ಅಂತಾರಪ್ಪ. ನಿನ್ನ ಹೂವು ಅದೇ."

ಗಣಿ ಊರಿನಲ್ಲಿ ಕರೆಂಟೆಂದರೆ ಒಂದೇ. ಕೋದಂಡಪ್ಪ ಬೀದಿಯ ತಂತಿಕಂಬ ನೋಡಿ ನಕ್ಕ.

"ಸರಿಯಾಗೇಳಿದ್ರಿ ಸಾಮಿ. ವರ್ಷ ಎಲ್ಲಿ ಬಂತು? ನಂದು ಸಂಜೆಗಂಟ ಅಷ್ಟೇ. ಆಮ್ಯಾಕೆ ಕರೆಂಟ್ ಓಗ್ಬಿಡ್ತದೆ."

ಅಂದಿನಿಂದ ಹೂ ಕಟ್ಟುವ ಹೆಂಡತಿಯ ಕೈ ಒಂದು ತುಂಡು ಹಿಡಿದು ತುರುಬಿನತ್ತ ಹೋದರೆ ಸಾಕು, "ಬ್ಯಾಡ ಕಣೇ, ಕರೆಂಟು!" ಎನ್ನುತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ಮಾತ್ರ, ಉಳಿದ ಬಾಡಲನ್ನು ತಾನೇ ಮುಡಿಸುತ್ತಿದ್ದ. "ಈಗ ಹೂವಾಯ್ತು, ತಗೋ." ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕತ್ತು ಬಗ್ಗಿಸುತ್ತಿದ್ದಳು.

*

"ಇವಳಿಗೂ ಕೊನೇ ಸಲ ಮುಡಿಸ್ಬೇಕಲ್ಲಪ್ಪಾ," ಎಂದಳು ಅರಿಸಿನ ಕುಂಕುಮ ಹಿಡಿದು ಬಂದ ಪಕ್ಕದ ಮನೆ ಕನಕಮ್ಮ. "ಅದ್ರಾಗೆ ಒಂದು ಮೊಳ ತೆಗೆದಿಟ್ಟು ಮಿಕ್ಕಿದ್ದು ಮಾರ್ಬಿಡು."

ಅಮ್ಮಾಜಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಇವತ್ತೂ ಮೊಳದ ಲೆಕ್ಕಾನಾ? ಬುಟ್ಟಿ ಪೂರಾ ಮನೆಗೆ ತಗೊಂಬಾ, ಮುನಿಶಾಮಿ."

"ಒಲೆ, ಅತ್ಗೆ?"

"ನಾಳೆ ಉರೀದಿದ್ರೆ ಬ್ಯಾಡ. ಓಗಪ್ಪಾ, ನಂಗೆ ಸಾಕಾಗೋಗೈತೆ."

ಬುಟ್ಟಿ ಬಂತು. ನೆರೆದ ಹೆಂಗಸರೆಲ್ಲ ಕೂತು ಕಟ್ಟಿದರು. ಕೋದಂಡಪ್ಪನ ಎದೆ ಮುಚ್ಚಿತು, ಚಟ್ಟ ಮುಚ್ಚಿತು, ಇನ್ನೂ ಮಿಕ್ಕಿತು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ನೀರು ಚಿಮುಕಿಸಿದ ಮಲ್ಲಿಗೆ ಕತ್ತಿಗೆ ತಣ್ಣಗೆ ತಗುಲಿದ್ದೇ ಅಮ್ಮಾಜಮ್ಮ ಕರೆಂಟ್ ಹೊಡೆದವಳಂತೆ ಬೆಚ್ಚಿ ಗಂಡನ ಬಾಯಿ ನೋಡಿದಳು.

ಕನಕಮ್ಮ ಮುಡಿಸಿ ಎದ್ದುಹೋದ ಮೇಲೂ ಅವಳು ಅವನ ಕಡೆ ಕತ್ತು ಬಗ್ಗಿಸಿಕೊಂಡೇ ಕೂತಿದ್ದಳು.