ಕೆಂಪು ಡ್ರಮ್, ನೀಲಿ ಡ್ರಮ್

ಊಟಕ್ಕೆ ಕೂಡುವ ಮೊದಲು ಮಕ್ಕಳ ಕೈ ಸ್ವಚ್ಛ ಆಗದಿದ್ದರೆ ಶೈಲಾಳಿಗೆ ತನ್ನ ಗಂಟಲಲ್ಲೇ ಅನ್ನ ಸಿಕ್ಕಿಕೊಂಡಂತಾಗುತ್ತಿತ್ತು. ಶಲವಡಿ ಹಾದಿಯಲ್ಲಿರುವ ಆ ಊರಿನ ಅಂಗನವಾಡಿಗೆ ಅವಳೇ ಟೀಚರು. ಬೇರೆ ಕಡೆ ಹಾಡು, ಗೊಂಬೆ, ಅಕ್ಷರ ಅಂತ ನಡೆದರೆ ಇವಳದು ಕೈ, ಉಗುರು, ಮೂಗು. ತಾಯಂದಿರ ಸಭೆ ಕರೆದಾಗಲೆಲ್ಲ ಒಂದೇ ರಾಗ.

"ಅಕ್ಷರ ಸಾಲ್ಯಾಗ ಹೆಂಗೂ ಕಲೀತಾವ. ಇದನ್ನ ಈಗ ಕಲೀಲಿಲ್ಲಂದ್ರ ಮುಂದ ಯಾವಾಗೂ ಕಲ್ಯಾಂಗಿಲ್ಲ. ಈ ವಯಸ್ಸಿನ್ಯಾಗ ಹುಡುಗೂರು ಹೇಳಿದ್ದ ಕೇಳಂಗಿಲ್ರಿ, ಕಂಡಿದ್ದ ಕಲೀತಾವ."

ತಾಯಂದಿರು ಆಕಳಿಸುತ್ತ ತಲೆಯಾಡಿಸುತ್ತಿದ್ದರು.

ಆ ಊರಲ್ಲಿ ಕೈ ತೊಳೆಸುವುದೂ ಸುಲಭದ ಮಾತಲ್ಲ. ಅಂಗನವಾಡಿಯ ನಳದಲ್ಲಿ ಬರುವುದು ಬೋರಿನ ಸವಳು ನೀರು. ಎಷ್ಟು ತಿಕ್ಕಿದರೂ ಅದರಲ್ಲಿ ಸಾಬೂನು ನೊರೆ ಬಿಡುವುದಿಲ್ಲ. ನೊರೆ ಕಾಣದೆ ಕೈ ಸ್ವಚ್ಛ ಆಯಿತು ಎಂದರೆ ಯಾವ ಮಗುವೂ ನಂಬುವುದಿಲ್ಲ. ಅದಕ್ಕೇ ಸಹಾಯಕಿ ಖಾದರಬಿ ದಿನಾ ಸೊಂಟ ಹಿಡಿದುಕೊಂಡು ಕೆರೆಯಿಂದ ಸಿಹಿನೀರಿನ ಕೊಡ ಹೊತ್ತು ತರುತ್ತಿದ್ದಳು. ಆ ನೀರು ಪೋಲಾಗಬಾರದೆಂದು ಶೈಲಾ ಒಂದು ಉಪಾಯ ಮಾಡಿದ್ದಳು. ಮಕ್ಕಳಿಗೆ ಜೋಡಿ ಹಚ್ಚಿದಳು. ಒಬ್ಬರು ಚರಗಿಯಿಂದ ಸಣ್ಣಗೆ ನೀರು ಹಾಕಬೇಕು, ಇನ್ನೊಬ್ಬರು ತೊಳೆದುಕೊಳ್ಳಬೇಕು, ಆಮೇಲೆ ಅದಲುಬದಲು. ನೀರು ಉಳಿಯಿತು. ಮಕ್ಕಳಿಗೆ ಅದೇ ಆಟವಾಯಿತು. ಪ್ರತಿ ಮಳೆಗಾಲಕ್ಕೆ ವಾಂತಿ, ಭೇದಿ ಎಂದು ಮಲಗುತ್ತಿದ್ದ ಮಕ್ಕಳು ಈ ವರ್ಷ ಮಲಗಲಿಲ್ಲ. ಶೈಲಾ ಒಳಗೊಳಗೇ ಬೀಗಿದಳು. ಬೀಗಲಿ ಬಿಡಿ, ಮಾಡಿದವರು ಬೀಗಬೇಕು.

ಜೋಡಿಗಳಲ್ಲೆಲ್ಲ ಗಟ್ಟಿ ಜೋಡಿ ಈರೇಶ ಮತ್ತು ಮಲ್ಲಿಕಾ ಅವರದು. ಇಬ್ಬರಿಗೂ ನಾಲ್ಕು ತುಂಬಿತ್ತು. ಈರೇಶ ಊರ ನಡುವಿನ ದೊಡ್ಡಮನೆಯ ಶಿವಗಂಗವ್ವನ ಮೊಮ್ಮಗ, ಮಹಾ ಹಟಮಾರಿ. ಮಲ್ಲಿಕಾ ಕೆಳಗಿನ ಕೇರಿಯ ಮಾದೇವಿಯ ಮಗಳು. ಮಾದೇವಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಅವರದು ಬುದ್ಧನ ಫೋಟೋಕ್ಕೆ ಕೈಮುಗಿದು ಮಕ್ಕಳನ್ನು ಶಾಲೆಗೆ ಕಳಿಸುವ ಮನೆ. ಖಾದರಬಿ ಗದರಿಸಿದರೂ ಕೈ ಒಡ್ಡದ ಈರೇಶ, ಮಲ್ಲಿಕಾ ಚರಗಿ ಎತ್ತಿದರೆ ಸಾಕು, ಎರಡೂ ಕೈ ಮುಂದೆ ಚಾಚುತ್ತಿದ್ದ.

ಕುತ್ತು ಬಂದದ್ದು ಅಲ್ಲಿಂದಲೇ. ಒಂದು ರವಿವಾರ ಮನೆಯಲ್ಲಿ ಊಟದ ಹೊತ್ತಿಗೆ ಶಿವಗಂಗವ್ವ ಮೊಮ್ಮಗನ ಕೈಗೆ ನೀರು ಹಾಕಲು ಹೋದಳು. ಅವನು ಕೈ ಹಿಂದಕ್ಕೆಳೆದುಕೊಂಡ.

"ನಿನಗ ಬರಂಗಿಲ್ಲ ಬೇ. ಮಲ್ಲಿಕಾ ಭಾಳ ಚಲೋ ಹಾಕತಾಳ."

"ಯಾರ ಮಲ್ಲಿಕಾ?"

"ಮಾದೇವವ್ವನ ಮಲ್ಲಿಕಾ."

ಶಿವಗಂಗವ್ವ ಚರಗಿ ಕೆಳಗಿಟ್ಟಳು.

ಆಕೆ ಜಗಳಗಂಟಿಯಲ್ಲ. ಜಗಳಕ್ಕೆ ಬಂದವರಿಗೆ ಎದುರು ನಿಂತು ಎರಡು ಮಾತು ಆಡಬಹುದು, ನಗುತ್ತ ಬಂದವರಿಗೆ ಏನು ಮಾಡಬೇಕು? ಮರುದಿನ ಆಕೆ ಅಂಗನವಾಡಿಗೆ ಶೇಂಗಾ ಉಂಡಿಯ ಡಬ್ಬಿ ಹಿಡಿದುಕೊಂಡೇ ಬಂದಳು. ಎಲ್ಲ ಮಕ್ಕಳಿಗೂ ಹಂಚಿಸಿದಳು. ಶೈಲಾಳ ಗಂಡನಿಗೆ ಆಕೆ ಸೋದರತ್ತೆಯಾಗಬೇಕು, ಅದಕ್ಕೇ ಶೈಲಾ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಳು.

"ಭಾಳ ಚಲೋ ಕೆಲಸಾ ಮಾಡಾಕತ್ತಿ ಯವ್ವಾ ಶೈಲಾ," ಎಂದು ಶಿವಗಂಗವ್ವ ಬೆಣ್ಣೆಯಂತೆ ಮಾತು ತೆಗೆದಳು. "ಆದ್ರ ಒಂದ ಚರಗಿ ಇಷ್ಟು ಮಂದಿ ಮುಟ್ಟಿದ್ರ ಜಡ್ಡು ಹರಡಂಗಿಲ್ಲೇನು? ಕೈಯಿಂದ ಕೈಗೆ ರೋಗ ಬರತೈತಿ ಅಂತ ನೀನ ಹೇಳತಿ ಅಲಾ."

ತನ್ನ ಮಾತನ್ನೇ ತನ್ನ ಮುಂದಿಟ್ಟರೆ ಶೈಲಾ ಏನೆಂದಾಳು? ಹೌದ್ರಿ ಎಂದಳು.

"ನಳಾ ಇರೂ ಡ್ರಮ್ ಕಳಸ್ತೀನಿ. ನಮ್ಮ ಟ್ಯಾಂಕರ್‌ದಾಗ ದಿನಾ ಕೆರಿ ನೀರ ತುಂಬಸ್ತೀನಿ. ಖಾದರಬಿ ಸೊಂಟಾನೂ ಉಳೀತೈತಿ."

ಡ್ರಮ್ ಬಂದವು. ಒಂದಲ್ಲ, ಎರಡು. ಟ್ಯಾಂಕರಿನವನು ಕೆಂಪು ಡ್ರಮ್ಮನ್ನು ಬಾಗಿಲ ಬಾಜೂಕೆ ಪಡಸಾಲೆಯಲ್ಲಿ ಇಟ್ಟ. ನೀಲಿಯದನ್ನು ಹಿಂದಿನ ಗೋಡೆಯ ಮಗ್ಗುಲಿಗೆ ಒಯ್ದಿಟ್ಟ. ಖಾದರಬಿ ಎರಡನ್ನೂ ನೋಡಿ ಹುಬ್ಬು ಗಂಟಿಕ್ಕಿದಳು.

"ಇಷ್ಟ ಹುಡುಗೂರಿಗೆ ಎರಡ ಯಾಕ್ರಿ ಅಕ್ಕೋರ?"

"ಗದ್ದಲ ಆಗಬಾರದು ಅಂತ ಕೊಟ್ಟಾರ. ನಿನಗ ಎಲ್ಲಾದರಾಗೂ ಸಂಶೆ ನೋಡು."

ಶೈಲಾ ದಡ್ಡಿಯಲ್ಲ. ಆದರೆ ಬಹಳ ದಿನ ಬೇಡಿದ್ದು ತಾನಾಗಿ ಬಾಗಿಲಿಗೆ ಬಂದಾಗ ಅದರ ಹಿಂದುಮುಂದು ಯಾರೂ ನೋಡುವುದಿಲ್ಲ. ಮೇಲಾಗಿ ಅವಳು ಹುಟ್ಟಿದ್ದೂ ಸೇರಿದ್ದೂ ಊರ ನಡುವಿನ ಓಣಿಯ ಮನೆಗಳಲ್ಲೇ. ಇಂಥ ಅನುಮಾನ ಅವಳ ತಲೆಗೆ ಹೊಳೆಯುವ ಪ್ರಸಂಗವೇ ಬಂದಿರಲಿಲ್ಲ. ಮೇಲ್ವಿಚಾರಕಿ ಬಂದವರು ಎರಡೂ ಡ್ರಮ್ಮಿನ ಮುಂದೆ ಅಲ್ಲಲ್ಲಿ ಕೈ ತೊಳೆಯುವ ಮಕ್ಕಳನ್ನು ನಿಲ್ಲಿಸಿ ಒಂದೊಂದು ಫೋಟೋ ತೆಗೆದರು, ಉಳಿದ ಟೀಚರುಗಳಿಗೆಲ್ಲ ಕಳಿಸಿದರು. ಆ ಫೋಟೋಗಳಲ್ಲಿ ಎಲ್ಲವೂ ಇತ್ತು, ನೋಡುವವರು ಬೇಕಿತ್ತು ಅಷ್ಟೆ.

ಚರಗಿ ಅಟ್ಟ ಸೇರಿತು. ಮಕ್ಕಳು ತಾವಾಗಿ ಸಾಲು ಹಚ್ಚಿ, ತಾವಾಗಿ ನಳ ತಿರುಗಿಸಿ, ಕೈತುಂಬ ನೊರೆ ಮಾಡಿಕೊಂಡು ತೊಳೆಯತೊಡಗಿದರು. ಇದನ್ನು ನೋಡುತ್ತ ನಿಲ್ಲುವುದೇ ಶೈಲಾಳಿಗೆ ಒಂದು ಸುಖವಾಯಿತು.

ಹೀಗೇ ಹದಿನೈದು ದಿನ ಕಳೆದಿರಬೇಕು. ಅವತ್ತು ಟ್ಯಾಂಕರಿನವನು ಅವಸರದಲ್ಲಿ ಕೆಂಪು ಡ್ರಮ್ಮನ್ನಷ್ಟೇ ತುಂಬಿ ಹೋಗಿದ್ದ. ಒಳಗೆ ಮಕ್ಕಳು ತಾಟಿನ ಮುಂದೆ ಕುಳಿತಾಗ ಮಲ್ಲಿಕಾ ಕಾಣಲಿಲ್ಲ. ಶೈಲಾ ಹುಡುಕಿಕೊಂಡು ಹಿಂದಕ್ಕೆ ಹೋದಳು. ಮಲ್ಲಿಕಾ ನೀಲಿ ಡ್ರಮ್ಮಿನ ಮುಂದೆ ನಿಂತಿದ್ದಳು. ಕೈಗೆ ಹಚ್ಚಿಕೊಂಡ ಸಾಬೂನು ಒಣಗಿ ಬೆಳ್ಳಗೆ ಬಿರಿದಿತ್ತು. ಅಂಗನವಾಡಿಯ ಆಕಡೆ ಬದಿಗೆ ನೀರಿತ್ತು, ಈ ಕೂಸು ಒಣಗಿದ ನಳದ ಕೆಳಗೆ ಕೈ ಹಿಡಿದುಕೊಂಡು ಕಾಯುತ್ತಿತ್ತು.

"ಇಲ್ಲಿ ನೀರ ಇಲ್ಲವ್ವಾ. ಬಾ, ಕೆಂಪ ಡ್ರಮ್ಮಿಗೆ ಹೋಗೂಣು."

ಮಲ್ಲಿಕಾ ತಲೆ ಅಲ್ಲಾಡಿಸಿದಳು. ಶೈಲಾ ರಟ್ಟೆ ಹಿಡಿದು ಪಡಸಾಲೆಗೆ ಕರೆತಂದಳು. ಕೆಂಪು ಡ್ರಮ್ ಹತ್ತಿರ ಬಂದಂತೆ ಹುಡುಗಿ ಮೈ ಬಿಗಿಹಿಡಿದು ಕಿರುಚಿ ಬಿದ್ದು ಹೊರಳಾಡಿಬಿಟ್ಟಳು. ಒಳಗಿನಿಂದ ಈರೇಶ ಅನ್ನ ಅಗಿಯುತ್ತಲೇ ಕೂಗಿ ಹೇಳಿದ.

"ಅದು ನಮ್ಮದ್ರಿ ಅಕ್ಕೋರ. ಆಕಿ ಮುಟ್ಟಿದ್ರ ಮೈಲಗಿ ಆಗತೈತಿ."

ಆ ಹುಡುಗನ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಬೆಂಕಿ ಮುಟ್ಟಿದರೆ ಸುಡುತ್ತದೆ ಎನ್ನುವಷ್ಟೇ ಸಲೀಸಾಗಿ ಹೇಳಿದ್ದ. ಶೈಲಾ ಸಾಲಾಗಿ ಕುಳಿತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಊರ ನಡುವಿನ ಓಣಿಯ ಮಕ್ಕಳೆಲ್ಲ ಒಂದು ಕಡೆ, ಕೇರಿಯ ಮಕ್ಕಳೆಲ್ಲ ಇನ್ನೊಂದು ಕಡೆ. ಯಾವಾಗಿನಿಂದ ಹೀಗೆ ಕೂಡುತ್ತಿದ್ದಾರೆ ಎಂದು ನೆನಪು ಮಾಡಿಕೊಳ್ಳಲು ಹೋದಳು, ಆಗಲಿಲ್ಲ.

"ನಾ ಅವತ್ತ ಕೇಳಿದೆ ಅಲ್ರಿ," ಎಂದಷ್ಟೇ ಹೇಳಿ ಖಾದರಬಿ ಮಲ್ಲಿಕಾಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಮಾದೇವಿ ಹತ್ತಿಹೊಲದಿಂದ ನೆಟ್ಟಗೆ ಅಂಗನವಾಡಿಗೆ ಬಂದಳು. ಸೆರಗಿಗೆ ಹತ್ತಿಯ ಎಳೆ ಹಾಗೇ ಅಂಟಿಕೊಂಡಿದ್ದವು. ಸುದ್ದಿ ಹೊಲಕ್ಕೇ ಮುಟ್ಟಿತ್ತು. ಬೈಯುತ್ತಾಳೆ ಎಂದುಕೊಂಡು ಶೈಲಾ ತಲೆ ತಗ್ಗಿಸಿ ನಿಂತಳು. ಮಾದೇವಿ ಬೈಯಲಿಲ್ಲ.

"ನಮ್ಮ ಮನ್ಯಾಗ ಒಂದ ನಾಯಿಮರಿ ಐತ್ರಿ ಅಕ್ಕೋರ. ಎಂಟ ದಿನದಿಂದ ಈಕಿ ಅದನ್ನ ಮುಟ್ಟೂಕಿಂತ ಮದಲ ಕೈ ತೊಳಕೊಳ್ಳಾಕತ್ತಾಳ. ಅಕ್ಕೋರು ಚಲೋ ರೂಢಿ ಹಚ್ಯಾರ ಅಂತ ನಾ ಎಲ್ಲಾರ ಮುಂದ ಹೇಳಕೊಂಡ ಬಂದೆ. ನಿನ್ನೆ ಕೇಳಿದೆ, ಮುಟ್ಟಿದ ಮ್ಯಾಲ ತೊಳಕೋಬೇಕಲ್ಲೇನ ಬೇ, ಮದಲ ಯಾಕ ಅಂತ. ಏನಂದ್ಲು ಗೊತ್ತೇನ್ರಿ? ನಾಯಿಗೆ ಮೈಲಗಿ ಆಗತೈತಿ ಅಂದ್ಲು."

ಶೈಲಾ ತಗ್ಗಿಸಿದ ತಲೆ ಎತ್ತಿದಳು.

"ನನಗ ಗೊತ್ತಾಗ್ಲಿಲ್ಲ ಮಾದೇವಿ. ಖರೇನ ಗೊತ್ತಾಗ್ಲಿಲ್ಲ."

"ನಿಮಗ ಗೊತ್ತಾಗಂಗಿಲ್ರಿ," ಎಂದಳು ಮಾದೇವಿ. ಆ ಮಾತಿಗಿಂತ ಬಯ್ಗಳವೇ ವಾಸಿ ಇತ್ತು. "ನಾ ಮಗಳನ್ನ ಬಿಡಸಂಗಿಲ್ಲ. ಬಿಡಿಸಿದ್ರ ಅವರು ಗೆದ್ದಂಗ. ಆದ್ರ ಆಕಿ ತಲ್ಯಾಗ ಏನ ಹೊಕ್ಕೈತಿ, ಅದನ್ನ ನೀವ ತಗೀಬೇಕು. ಇಲ್ಲೇ ಕಲತಾಳ, ಇಲ್ಲೇ ಮರೀಬೇಕು."

ಅವತ್ತೇ ದೀಪ ಹಚ್ಚುವ ಹೊತ್ತಿಗೆ ಶೈಲಾ ದೊಡ್ಡಮನೆಗೆ ಹೋದಳು. ಶಿವಗಂಗವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಶೈಲಾ ಹೇಳುವುದನ್ನೆಲ್ಲ ಕೇಳಿ ಮುಗಿಸಿ, ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ನಾ ಯಾರಿಗೇನ ಅಂದೀನಿ? ಡ್ರಮ್ಮಿನ ಮ್ಯಾಲ ಯಾರದರ ಹೆಸರ ಬರಸೀನೇನು?"

"ನಾಕ ವರ್ಷದ ಕೂಸಿನ ಬಾಯಾಗ ಆ ಮಾತ ಎಲ್ಲಿಂದ ಬಂತ್ರಿ ಅತ್ತಿ?"

"ಹುಡುಗೂರು ಕಂಡಿದ್ದ ಕಲೀತಾವ. ಸಭಾದಾಗ ನೀನ ಹೇಳಿದ್ದಲಾ?" ಶಿವಗಂಗವ್ವ ಈಗಲೂ ನಗುತ್ತಿದ್ದಳು. "ನೋಡ ಶೈಲಾ, ನೀ ನಮ್ಮಾಕಿ. ಹುಡುಗೂರ ಕೈ ತೊಳಸು, ಮೂಗ ಒರಸು. ಊರ ಉಸಾಬರಿ ನಿನಗ್ಯಾಕ? ನಮ್ಮ ಓಣಿಯವರು ಮನಸ್ಸ ಮಾಡಿದ್ರ ನವಲಗುಂದದ ಕಾನ್ವೆಂಟಿನ ಗಾಡಿ ಬಾಗಲಕ್ಕ ಬರತೈತಿ. ಆಮ್ಯಾಲ ಖಾಲಿ ಖೋಲ್ಯಾಗ ಯಾರ ಕೈ ತೊಳಸ್ತಿ?"

"ಬರೂವಷ್ಟ ಮಂದೀದು ತೊಳಸ್ತೀನ್ರಿ," ಎಂದಳು ಶೈಲಾ. ಆ ಮನೆಯ ಅಂಗಳದಲ್ಲಿ ಹಾಗೆ ಮಾತಾಡಿದ ಸೊಸೆಯಂದಿರು ಬಹಳ ಇಲ್ಲ.

ಮರುದಿನ ಬೆಳಿಗ್ಗೆ ಎರಡೂ ಡ್ರಮ್ಮನ್ನು ಚಕ್ಕಡಿಯಲ್ಲಿ ಹೇರಿಸಿ ದೊಡ್ಡಮನೆಗೆ ಕಳಿಸಿದಳು. ಓಣಿಯ ಮಕ್ಕಳಲ್ಲಿ ಬಹಳಷ್ಟು ಮಂದಿ ಅವತ್ತು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮನೆಯಲ್ಲಿ ಗಂಡನ ತಾಯಿ ಅವಳೊಂದಿಗೆ ಮಾತು ಬಿಟ್ಟರು. ಗಂಡ ತಾಟಿನ ಮುಂದೆ ಕೂತು, ನಿನಗೆ ಬೇಕಿತ್ತೇನು ಇದು ಎಂದ. ಖಾದರಬಿ ಅಟ್ಟದ ಚರಗಿ ಇಳಿಸಿ, ಮತ್ತೆ ಕೊಡ ಹೊತ್ತಳು.

ಮೂರನೆಯ ದಿನ ಈರೇಶ ಬಂದ. ಮನೆಯಲ್ಲಿ ಎರಡು ದಿನ ಅತ್ತು ರಂಪ ಮಾಡಿ, ನೆಲಕ್ಕೆ ಬಿದ್ದು ಹೊರಳಿದ್ದಕ್ಕೆ ಕೊನೆಗೆ ಅವರವ್ವ ಶಿವಗಂಗವ್ವನ ಕಣ್ಣು ತಪ್ಪಿಸಿ ತಂದು ಬಿಟ್ಟು ಹೋಗಿದ್ದಳು. ಶೈಲಾಳ ಮನಸ್ಸು ಹಗುರಾಯಿತು. ಹಟಮಾರಿಯೇ ಬಂದನೆಂದರೆ ಉಳಿದವರೂ ಬಂದಾರು. ಮಲ್ಲಿಕಾಳ ತಲೆಯೊಳಗಿನದನ್ನು ತೆಗೆಯಬೇಕೆಂದರೆ ಇವನ ಕೈಯಿಂದಲೇ ತೆಗೆಯಬೇಕು. ಊಟದ ಹೊತ್ತಿಗೆ ಇಬ್ಬರನ್ನೂ ಕರೆದು ಎದುರುಬದುರು ನಿಲ್ಲಿಸಿದಳು.

"ಮದಲಿನಂಗ. ಮಲ್ಲಿಕಾ ನೀರ ಹಾಕತಾಳ, ಈರೇಶ ತೊಳಕೊಳ್ತಾನ."

ಈರೇಶ ಏನೂ ನಡೆದೇ ಇಲ್ಲವೆಂಬಂತೆ ಎರಡೂ ಕೈ ಚಾಚಿದ. "ಹಾಕಲೇ," ಎಂದ. ಆಡಿದವನಿಗೆ ಆಡಿದ್ದು ನೆನಪಿನಲ್ಲೇ ಇರಲಿಲ್ಲ. ಮಲ್ಲಿಕಾ ಚರಗಿ ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಅದನ್ನೇ ನೋಡುತ್ತ ನಿಂತಳು.

"ತಗೋ ಮಲ್ಲಿಕಾ. ಇದು ಎಲ್ಲಾರದು," ಎಂದಳು ಶೈಲಾ.

ಹುಡುಗಿ ಖಾದರಬಿಯ ಮುಂದೆ ಹೋಗಿ ಕೈ ಒಡ್ಡಿದಳು. ಖಾದರಬಿ ನೀರು ಹಾಕಿದಳು. ಮಲ್ಲಿಕಾ ಸಾಬೂನು ತೆಗೆದುಕೊಂಡು ಅಂಗೈ ತಿಕ್ಕಿದಳು, ಮುಂಗೈ ತಿಕ್ಕಿದಳು, ಬೆರಳ ಸಂದಿಯಲ್ಲಿ, ಹೆಬ್ಬೆರಳ ಸುತ್ತ, ಉಗುರಿನ ಬುಡದಲ್ಲಿ ಒಂದನ್ನೂ ಬಿಡದೆ ತಿಕ್ಕಿದಳು. ಅಷ್ಟು ಚೆಂದ ತೊಳೆದುಕೊಳ್ಳುವ ಮಗು ಆ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಆಮೇಲೆ ಬಂದಳು. ಶೈಲಾಳ ಕಡೆ ನೋಡಲೂ ಇಲ್ಲ. ನೀರು ಸೋರುವ ಎರಡೂ ಕೈಗಳನ್ನು ಈರೇಶನ ಮುಂದೆ ಹಿಡಿದಳು.

"ಈಗ ಮುಟ್ಲೇನೋ ಈರ್ಯಾ?"

ಈರೇಶನಿಗೆ ಇದು ಹೊಸ ಆಟ. ದೊಡ್ಡವರ ಹಾಗೆ ಗಂಭೀರ ಮುಖ ಮಾಡಿಕೊಂಡು ಅವಳ ಅಂಗೈ ನೋಡಿದ, ಬಗ್ಗಿ ಮುಂಗೈ ನೋಡಿದ.

"ಇನ್ನೊಮ್ಮಿ ತೊಳಕೋ," ಎಂದ.

ಮಲ್ಲಿಕಾ ಹೋಗಿ ಮತ್ತೆ ಸಾಬೂನು ಎತ್ತಿಕೊಂಡಳು. ಶೈಲಾ ಓಡಿಹೋಗಿ ಅದನ್ನು ಕಸಿದುಕೊಂಡಳು. ನೆಲಕ್ಕೆ ಕೂತು ಆ ಒದ್ದೆ ಕೈಗಳನ್ನು ತನ್ನ ಕೈಯಲ್ಲಿ ಗಟ್ಟಿ ಹಿಡಿದುಕೊಂಡಳು.

"ಸಾಕವ್ವಾ, ಸಾಕು. ನಿನ್ನ ಕೈ ಸ್ವಚ್ಛ ಅದಾವ. ಅವು ಯಾವಾಗಲೂ ಸ್ವಚ್ಛನ ಇದ್ವು."

ಮಲ್ಲಿಕಾ ಕೈ ಬಿಡಿಸಿಕೊಳ್ಳಲು ಜಗ್ಗಾಡಿದಳು. ಸಾಬೂನಿನ ಕಡೆ ನೋಡಿ ಹೋ ಎಂದು ಅಳತೊಡಗಿದಳು.

"ಕೊಡ್ರಿ ಅಕ್ಕೋರ. ಇನ್ನೂ ಆಗಿಲ್ರಿ. ಅವಾ ಇನ್ನೊಮ್ಮಿ ಅಂದಾನ್ರೀ."