ಓಟೋ ಅಂದ್ರ ಕಿವಿ

ನಮ್ಮ ಯಜಮಾನರ ಹೆಸರು ನಾನು ಹೇಳುವುದಿಲ್ಲ. ಬೇಕಾದವರು ಖಾನಾಪುರದಲ್ಲಿ ಕೇಳಿಕೊಳ್ಳಿ. ಹೈಸ್ಕೂಲಿನ ಸೈನ್ಸ್ ಮಾಸ್ತರು ಎಂದರೆ ಈಗಲೂ ಗೊತ್ತು. ಈ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಬರಲಿಲ್ಲ. ನೀರು ಬೇಕಾದರೂ ತಂಬಿಗೆ ತೋರಿಸುವುದು.

ಸೋಮವಾರಕ್ಕೊಮ್ಮೆ ಬಸ್ಸು ಹತ್ತಿ ಬೆಳಗಾವಿಯ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಲ್ಲಿ ಮಾತು ಕಲಿಸುವ ಹುಡುಗಿ ತನ್ಮಯಿ ಟೇಬಲ್ ಬಡಿಯುತ್ತ 'ಮ-ನಿ', 'ಅ-ಕ್ಕಿ' ಎಂದು ಹೇಳಿಸುತ್ತಿದ್ದಳು. ಇವರ ಬಾಯಿಂದ ಬರೀ ಗಾಳಿ.

ಒಂದು ಸೋಮವಾರ ಇವರು ಎದುರಿನ ಗೋಡೆಯ ಇಂಗ್ಲಿಷ್ ಬೋರ್ಡು ನೋಡಿ, ತಾವೇ ಟೇಬಲ್ ಬಡಿಯತೊಡಗಿದರು.

"ಓ-ಟೋ-ರೈ-ನೋ-ಲ್ಯಾ-ರಿಂ-ಗೊ-ಲಾ-ಜಿ-ಕಲ್."

ಒಂದೂ ತಪ್ಪಲಿಲ್ಲ. ಉಸಿರು ತೆಗೆದುಕೊಂಡು ಪಾಠವನ್ನೂ ಮಾಡಿದರು. "ಓಟೋ ಅಂದ್ರ ಕಿವಿ. ರೈನೋ ಅಂದ್ರ ಮೂಗು. ಲ್ಯಾರಿಂಗೋ ಅಂದ್ರ ಗಂಟಲು." ಸಾಲಿ ಹುಡುಗರಿಗೆ ವರ್ಷಗಟ್ಟಲೆ ಹೀಗೇ ಒಡೆದು ಕಲಿಸಿದ್ದರು.

ತನ್ಮಯಿ ಖುಷಿಯಾಗಿ ನನ್ನತ್ತ ಕೈ ಮಾಡಿದಳು. "ಸರ್, ಇವರ ಹೆಸರೇನ್ರಿ?"

ಇವರು ನೆಲ ನೋಡಿದರು. ಅಷ್ಟುದ್ದದ ಇಂಗ್ಲಿಷ್ ಬಂತು, ಚಂದ್ರವ್ವ ಎಂದು ನನ್ನ ಹೆಸರು ಹೇಳಲು ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಒಮ್ಮೊಮ್ಮೆ ಹತ್ತಿರದವರ ಹೆಸರ ಮರತ ಹೋಗಿರತಾವ್ರಿ," ಎಂದಳು ಹುಡುಗಿ ಮೆಲ್ಲಗೆ. ಸಿಟ್ಟು ಇಳಿದು ಹೆದರಿಕೆ ಹತ್ತಿತು. ನನ್ನನ್ನೇ ಮರೆತಿದ್ದರೆ?

"ಮೊದಲ ಏನಂತ ಕರೀತಿದ್ರು?"

"'ಏ' ಅಂತಿದ್ರು. ಹೆಸರ ತಗೊಂಡಿದ್ದು ಲಗ್ನದಾಗ ಒಮ್ಮೆ. ನಾದಿನಿ ಅಕ್ಕವ್ವ ಬಾಗಲಾ ಅಡ್ಡಗಟ್ಟಿ, ಪ್ರಾಸ ಹಚ್ಚಿ ಒಡಪ ಕಟ್ಟಿ, ಅದರಾಗ ಹೆಂಡ್ತಿ ಹೆಸರ ಹೇಳಿದ್ರ ಒಳಗ ಬಿಡ್ತೀನಿ ಅಂದಿದ್ಲು."

"ಹಂಗಾರ ನೀವೂ ಅಡ್ಡಗಟ್ರಿ."

ಮನೆ ಮುಟ್ಟಿದ್ದೇ ನಾನು ಮೊದಲು ಒಳಗೆ ಹೋಗಿ, ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತೆ.

"ಒಡಪ ಹೇಳ್ರಿ. ಇಲ್ಲಂದ್ರ ಅಲ್ಲೇ ನಿಂದರ್ರಿ."

ಎದುರು ಮನೆಯ ಸಂಗವ್ವ ಮೊರ ಹಿಡಿದುಕೊಂಡೇ ನೋಡುತ್ತಿದ್ದಳು. ನೋಡಲಿ.

ಅವರು ಚೌಕಟ್ಟು ಬಡಿದರು. "ಓಟೋ ಅಂದ್ರ ಕಿವಿ. ರೈನೋ ಅಂದ್ರ ಮೂಗು." ಸಂಗವ್ವನತ್ತ ಒಮ್ಮೆ ಕದ್ದು ನೋಡಿದರು. ಕಿವಿ ಕೆಂಪಾಯಿತು. "ಚಂ-ದ್ರ-ವ್ವ ಅಂದ್ರ..."

ಮುಂದಿನದು ಸಿಗಲಿಲ್ಲ. ಕಣ್ಣು ಮುಚ್ಚಿ ಹುಡುಕಿದರು, ತಲೆ ಅಲ್ಲಾಡಿಸಿದರು, ಮತ್ತೆ ಓಟೋದಿಂದ ಶುರುಮಾಡಿದರು. ನನಗೆ ಅಳು ಒತ್ತಿ ಬಂತು. ಕೈ ಮಾತ್ರ ತೆಗೆಯಲಿಲ್ಲ. ಕಿವಿ, ಮೂಗು ಮುಗಿದರೆ ನನ್ನ ಹೆಸರು ಇನ್ನೊಮ್ಮೆ ಬರುವುದಿತ್ತು.